ಬಸ್ಸನ್ನು ನೂಕುವುದು ಯಾವುದು?

ಬಸ್ಸನ್ನು ಮುಂದಕ್ಕೆ ನೂಕುವುದು ಯಾವುದು? ಎಂಜಿನ್ ಎಂದು ಥಟ್ಟನೆ ಹೇಳಿಬಿಡುತ್ತೇವೆ. ಆದರೆ ದೋಣಿಯಲ್ಲಿ ಕುಳಿತವನು ಅದರ ಅಂಚನ್ನೇ ತಳ್ಳಿದರೆ ದೋಣಿ ಸಾಗೀತೆ? ಎಂಜಿನ್ನೂ ಬಸ್ಸಿನ ಒಳಗಿನದೇ. ಅದು ಗಾಲಿಯನ್ನು ತಿರುಗಿಸಬಲ್ಲದು, ಅಷ್ಟೆ. ತಿರುಗುವ ಗಾಲಿ ನೆಲವನ್ನು ಹಿಂದಕ್ಕೆ ಒತ್ತುತ್ತದೆ. ನೆಲ ಅಷ್ಟೇ ಬಲದಿಂದ ಗಾಲಿಯನ್ನು ಮುಂದಕ್ಕೆ ಒತ್ತುತ್ತದೆ. ಕ್ರಿಯೆಗೆ ಸಮನಾದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆಯುಂಟೆಂದು ನ್ಯೂಟನ್ 1687ರಲ್ಲಿ ಸಾರಿದ ನಿಯಮವಿದು.

ಈ ಒತ್ತಾಟಕ್ಕೆ ಆಧಾರ ಘರ್ಷಣೆ. ಮಲೆನಾಡಿನ ಕೆಸರಿನಲ್ಲಿ ಹೂತ ಬಸ್ಸನ್ನು ನೋಡಿ: ಎಂಜಿನ್ ಆರ್ಭಟಿಸುತ್ತದೆ, ಗಾಲಿ ಗಿರ್ರನೆ ಸುತ್ತುತ್ತದೆ, ಬಸ್ಸು ಮಾತ್ರ ಕದಲದು. ಗಾಲಿಯಡಿಗೆ ಜಲ್ಲಿ ಸುರಿದರೆ ಹೊರಡುತ್ತದೆ. ಹೆಚ್ಚಿದ್ದು ಎಂಜಿನ್ನಿನ ಬಲವಲ್ಲ, ನೆಲದ ಹಿಡಿತ.

ಘರ್ಷಣೆಯನ್ನು ನಾವು ತಡೆಯೆಂದೇ ಬಲ್ಲೆವು. ಇಲ್ಲಿ ಅದೇ ಒಯ್ಯುವ ಬಲ. ನಿಲ್ಲಿಸುವ ಬಲವೂ ಅದೇ. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನವು ಬ್ರೇಕು ಹಿಡಿದ ಮೇಲೆ ಒಣ ರಸ್ತೆಯಲ್ಲಿ ಸುಮಾರು 20 ಮೀಟರಿನೊಳಗೆ ನಿಲ್ಲುವುದಾದರೆ, ಮಳೆಯಿಂದ ಹಿಡಿತ ಅರ್ಧಕ್ಕಿಳಿದಾಗ ಅದಕ್ಕೆ 40 ಮೀಟರ್ ಬೇಕು. ಬ್ರೇಕು ಎಷ್ಟೇ ಗಟ್ಟಿಯಾಗಿರಲಿ, ನೆಲ ಕೊಡದ ಬಲವನ್ನು ಅದು ತರಲಾರದು. ಆದುದರಿಂದ ಮಳೆಗಾಲದಲ್ಲಿ ವೇಗವನ್ನು ನಿರ್ಧರಿಸಬೇಕಾದದ್ದು ಎಂಜಿನ್ನನ್ನು ನಂಬಿಯಲ್ಲ, ರಸ್ತೆಯನ್ನು ನೋಡಿ.