ಪರದೇಶದಲ್ಲಿ ಕಲಿತವರು ಅಲ್ಲಿಯೇ ಉದ್ಯಮವನ್ನು ಸ್ಥಾಪಿಸಬಹುದೇ?

ಕಳೆದ ಬೇಸಗೆಯಲ್ಲಿ ರಾಮಸಮುದ್ರದ ಪಾಲಕರೊಬ್ಬರು ಈ ಲೇಖಕಿಯನ್ನು ಕಾಣಲು ಬಂದಿದ್ದರು. ಅವರ ಮಗಳು ನಮ್ಮ ಪ್ರೌಢಶಾಲೆಯಲ್ಲಿ ಓದಿ, ಮುಂದೆ ಕಲಬುರಗಿಯಲ್ಲಿ ಪದವಿ ಪಡೆದವಳು. ಈಗ ಇಂಗ್ಲಂಡಕ್ಕೆ ಹೋಗಿ ಆಹಾರ ವಿಜ್ಞಾನವನ್ನು ಅಭ್ಯಾಸ ಮಾಡಬೇಕೆಂಬ ಹಂಬಲವುಳ್ಳವಳು. “ಅಕ್ಕೋರೆ, ಕಲಿತ ಮ್ಯಾಲೆ ಅಲ್ಲೇ ಸ್ವಂತ ಧಂದೆ ಹಾಕಬಹುದಂತ. ಅದಕ್ಕ ವೀಸಾ ಯೂನಿವರ್ಸಿಟಿಯವರೇ ಕೊಡತಾರಂತ ಏಜಂಟ ಹೇಳ್ಯಾನ. ಖರೇ ಏನ್ರಿ?” ಎಂದು ಕೇಳಿದರು. ವೆಚ್ಚಕ್ಕಾಗಿ ನಾಲ್ಕೆಕರೆ ಎರೆಹೊಲವನ್ನು ಮಾರುವ ವಿಚಾರವೂ ಅವರಲ್ಲಿತ್ತು. ಕೈಬಿಟ್ಟ ಹೊಲವು ತಿರುಗಿ ಬರುವದು ದುರ್ಲಭ. ಇದೇ ಪ್ರಶ್ನೆಯು ಇತರ ಪಾಲಕರ ಮನಸ್ಸಿನಲ್ಲಿಯೂ ಇರಬಹುದೆಂದು ತಿಳಿದು, ವಿಚಾರಿಸಿ ಕಂಡುಕೊಂಡದ್ದನ್ನು ಇಲ್ಲಿ ಬರೆದಿರುತ್ತೇನೆ.

ಮೊದಲು ತಿಳಿಯತಕ್ಕದ್ದೇನಂದರೆ, ವೀಸಾ ಕೊಡುವ ಅಧಿಕಾರವು ಯಾವ ವಿಶ್ವವಿದ್ಯಾಲಯಕ್ಕೂ ಇಲ್ಲ. ಅದು ಆಯಾ ದೇಶದ ಸರಕಾರಕ್ಕೆ ಸೇರಿದ್ದು. ವಿಶ್ವವಿದ್ಯಾಲಯವು “ಈಕೆ ನಮ್ಮಲ್ಲಿ ಕಲಿತವಳು, ಈಕೆಯ ಉದ್ಯಮದ ಯೋಜನೆಯು ನಂಬತಕ್ಕದ್ದು” ಎಂದು ಸಾಕ್ಷಿ ನುಡಿಯಬಹುದು. ಸಾಲಕ್ಕೆ ಜಾಮೀನು ನಿಲ್ಲುವವನೇ ಸಾಲ ಕೊಡುವವನಲ್ಲವಷ್ಟೆ.

ಇಂಥ ಸಾಕ್ಷಿಗೆ ಬ್ರಿಟನ್ನಿನಲ್ಲಿ ಕಾಯದೆಯ ಬೆಲೆ ಬಂದದ್ದು 2012ರ ಏಪ್ರಿಲದಲ್ಲಿ. ಪದವೀಧರ ಉದ್ಯಮಿಗಳಿಗೆಂದು ಅಲ್ಲಿಯ ಸರಕಾರವು ಪ್ರತ್ಯೇಕ ವೀಸಾ ಒಂದನ್ನು ಏರ್ಪಡಿಸಿತು. ಬೇರೆ ಉದ್ಯಮಿಗಳು ದೊಡ್ಡ ಬಂಡವಾಳವನ್ನು ತೋರಿಸಬೇಕಾಗಿದ್ದಾಗ, ಈ ತರುಣರು ವಿಶ್ವವಿದ್ಯಾಲಯದ ಅನುಮೋದನ ಪತ್ರವನ್ನು ತಂದರೆ ಸಾಕಾಗುತ್ತಿತ್ತು. ಅವಧಿಯು ಒಂದು ವರುಷ. ಇನ್ನೊಂದು ವರುಷಕ್ಕೆ ಅದನ್ನು ಬೆಳೆಸಿಕೊಳ್ಳಬಹುದಾಗಿತ್ತು. 2019ರಲ್ಲಿ ಇದನ್ನು ತೆಗೆದು, ಎರಡು ವರುಷಗಳ ‘ಸ್ಟಾರ್ಟ್‌ಅಪ್’ ವೀಸಾವನ್ನು ತಂದರು. ಅದರಲ್ಲಿಯೂ ವಿಶ್ವವಿದ್ಯಾಲಯಗಳು ಅನುಮೋದಕರಾಗಿದ್ದವು. ಪತ್ರವನ್ನು ಕೊಟ್ಟ ಮೇಲೆ ಉದ್ಯಮವು ನಡೆಯುತ್ತಿರುವದೋ ಇಲ್ಲವೋ ಎಂದು ಆರು ತಿಂಗಳಿಗೆ, ವರುಷಕ್ಕೆ ವಿಚಾರಿಸುವ ಹೊಣೆಯೂ ಅವುಗಳ ಮೇಲಿತ್ತು. ಕಲಿಸಿದ ಗುರುಗಳೇ ಶಿಷ್ಯೆಯ ಯೋಗ್ಯತೆಯನ್ನು ಹೇಳುವ ಈ ಕ್ರಮವು ನನಗೆ ಮೆಚ್ಚಿಕೆಯಾದದ್ದು.

ಆದರೆ 2023ರ ಏಪ್ರಿಲ 13ರಂದು ಈ ಬಾಗಿಲನ್ನು ಹೊಸಬರಿಗೆ ಮುಚ್ಚಲಾಯಿತು. ಅಂದೇ ಆರಂಭವಾದ ‘ಇನ್ನೋವೇಟರ್ ಫೌಂಡರ್’ ಎಂಬ ವೀಸಾದಲ್ಲಿ ಅನುಮೋದನೆಯ ಕೆಲಸವನ್ನು ಸರಕಾರವು ಆರಿಸಿದ ಕೆಲವೇ ಸಂಸ್ಥೆಗಳಿಗೆ ಒಪ್ಪಿಸಲಾಯಿತು. ಮೊದಲು ಬೇಕಾಗಿದ್ದ 50,000 ಪೌಂಡುಗಳ ಬಂಡವಾಳದ ನಿಯಮವು ಹೋಯಿತು. ಆದರೆ ಪರೀಕ್ಷಿಸುವ ಸಂಸ್ಥೆಗೆ 1,000 ಪೌಂಡುಗಳ ಶುಲ್ಕವನ್ನು ಗೊತ್ತುಮಾಡಿದರು. ಉದ್ಯಮವು ನವೀನವಾಗಿರಬೇಕು, ನಡೆಯಬಲ್ಲದ್ದಾಗಿರಬೇಕು, ಬೆಳೆಯಬಲ್ಲದ್ದಾಗಿರಬೇಕು ಎಂಬ ಮೂರು ಒರೆಗಲ್ಲುಗಳುಂಟು. ನಮ್ಮ ಕಡೆಯ ಖಡಕ ರೊಟ್ಟಿ, ಶೇಂಗಾ ಚಟ್ನಿಗಳ ಅಂಗಡಿಯನ್ನು ಲಂಡನ್ನಿನಲ್ಲಿ ಹಾಕುತ್ತೇನೆಂದರೆ ಇದರಲ್ಲಿ ತೇರ್ಗಡೆಯಾಗುವದು ಕಷ್ಟ. ರೊಟ್ಟಿಯನ್ನು ಕೆಡದಂತೆ ಇಡುವ ಹೊಸ ವಿಧಾನವೊಂದನ್ನು ಕಂಡುಹಿಡಿದವಳ ಮಾತು ಬೇರೆ.

ಇದಲ್ಲದೆ ಬ್ರಿಟನ್ನಿನಲ್ಲಿ 2021ರ ಜುಲೈ 1ರಿಂದ ‘ಗ್ರ್ಯಾಜುಯೇಟ್’ ವೀಸಾ ಎಂಬುದೊಂದು ಬಂದಿತು. ಅಭ್ಯಾಸವು ಯಶಸ್ವಿಯಾಗಿ ಮುಗಿಯಿತೆಂದು ವಿಶ್ವವಿದ್ಯಾಲಯವು ಸರಕಾರಕ್ಕೆ ತಿಳಿಸಿದ ಮೇಲೆ ವಿದ್ಯಾರ್ಥಿಯು ತಾನೇ ಅರ್ಜಿ ಮಾಡಿಕೊಳ್ಳುವ ಕ್ರಮವಿದು. ಇದರಲ್ಲಿ ನೌಕರಿಯನ್ನಾಗಲಿ ಸ್ವಂತ ಉದ್ಯಮವನ್ನಾಗಲಿ ಮಾಡಬಹುದು. ಅವಧಿಯನ್ನು ಮೊದಲು ಎರಡು ವರುಷವೆಂದು ಇಟ್ಟಿದ್ದರು. 2027ರ ಜನವರಿ 1ರಿಂದ ಅರ್ಜಿ ಮಾಡುವವರಿಗೆ 18 ತಿಂಗಳೆಂದು ಗೊತ್ತುಮಾಡಿರುವರು. ಪಿಎಚ್.ಡಿ. ಪಡೆದವರಿಗೆ ಮಾತ್ರ ಮೂರು ವರುಷ. ಹೊಲವನ್ನು ಮಾರುವವರು ಲೆಕ್ಕ ಹಾಕತಕ್ಕದ್ದು ಈ ತಿಂಗಳುಗಳನ್ನು.

ಅಮೇರಿಕೆಯಲ್ಲಿ ಇಂಥ ಪ್ರತ್ಯೇಕ ವೀಸಾ ಇಲ್ಲ. ಅಲ್ಲಿಯ ಎಚ್-1ಬಿ ವೀಸಾಗಳಿಗೆ ವರುಷಕ್ಕೆ 65,000, ಅಲ್ಲಿಯೇ ಉನ್ನತ ಪದವಿ ಪಡೆದವರಿಗೆ ಮತ್ತೆ 20,000 ಎಂಬ ಮಿತಿಯುಂಟು. ವಿಶ್ವವಿದ್ಯಾಲಯಗಳು ನೇಮಿಸಿಕೊಳ್ಳುವವರಿಗೆ ಈ ಮಿತಿಯು ತಗಲುವದಿಲ್ಲ. ಈ ಸಂದನ್ನು ಕಂಡು ಮ್ಯಾಸಚುಸೆಟ್ಸ್ ಸಂಸ್ಥಾನವು 2014ರಲ್ಲಿ ಒಂದು ಉಪಾಯವನ್ನು ಹೂಡಿತು: ಪರದೇಶದ ಉದ್ಯಮಿಯು ವಿಶ್ವವಿದ್ಯಾಲಯದಲ್ಲಿ ವಾರಕ್ಕೆ ಕೆಲವು ತಾಸು ಕೆಲಸ ಮಾಡುವದು, ಉಳಿದ ಹೊತ್ತಿನಲ್ಲಿ ತನ್ನ ಕಂಪನಿಯನ್ನು ಕಟ್ಟುವದು. ಬುದ್ಧಿವಂತಿಕೆಯ ಉಪಾಯವೇ ಸರಿ. ಆದರೆ ಇದರಿಂದ ದಾಟಿದವರು ಬಹಳ ಜನರಲ್ಲ.

ನಮ್ಮ ನಾಡಿನ ಗುರುರಾಜ ದೇಶಪಾಂಡೆಯವರ ಹೆಸರನ್ನು ಏಜಂಟರು ಆಗಾಗ ಎತ್ತುವರು. ಹುಬ್ಬಳ್ಳಿಯಲ್ಲಿ ಜನಿಸಿದ ಅವರು ಕೆನಡಾದಲ್ಲಿ ಉನ್ನತ ವ್ಯಾಸಂಗ ಮಾಡಿದರೆಂಬುದೂ, 1998ರಲ್ಲಿ ಸಿಕಮೋರ್ ನೆಟ್‌ವರ್ಕ್ಸ್ ಕಂಪನಿಯ ಸ್ಥಾಪಕರಲ್ಲೊಬ್ಬರಾದರೆಂಬುದೂ ನಿಜ. ಆದರೆ ಪದವಿ ಬಂದ ಮರುದಿನವೇ ಅವರು ಕಂಪನಿಯನ್ನು ತೆರೆಯಲಿಲ್ಲ. ವರುಷಗಟ್ಟಲೆ ನೌಕರಿಯಲ್ಲಿದ್ದು ಕಸುಬನ್ನು ಕಲಿತರು. 2002ರಲ್ಲಿ ಎಂ.ಐ.ಟಿ.ಯಲ್ಲಿ ಅವರ ಕುಟುಂಬದ ದಾನದಿಂದಲೇ ಒಂದು ಕೇಂದ್ರವು ಸ್ಥಾಪಿತವಾಗಿ, ಪ್ರಯೋಗಶಾಲೆಯ ಶೋಧಗಳನ್ನು ಉದ್ಯಮವಾಗಿಸುವವರಿಗೆ ನೆರವಾಯಿತು.

ರಾಮಸಮುದ್ರದ ಆ ಪಾಲಕರಿಗೆ, ಏಜಂಟನು ಹೇಳಿದ ವೀಸಾದ ಹೆಸರನ್ನು ಬರೆಯಿಸಿಕೊಂಡು ಬರಲು ಹೇಳಿ ಕಳುಹಿದೆನು. ಎಂಟು ದಿನಗಳ ಮೇಲೆ ಒಂದು ಬಣ್ಣದ ಹಸ್ತಪತ್ರವನ್ನು ತಂದು ತೋರಿಸಿದರು. ಅದರಲ್ಲಿ ದೊಡ್ಡ ಅಕ್ಷರಗಳಲ್ಲಿ ಅಚ್ಚಾಗಿದ್ದದ್ದು 2023ರಲ್ಲಿಯೇ ಮುಚ್ಚಿಹೋದ ‘ಸ್ಟಾರ್ಟ್‌ಅಪ್’ ವೀಸಾದ ಹೆಸರು. ತಂದೆಯು ಬಹಳ ಹೊತ್ತು ಮಾತಾಡಲಿಲ್ಲ. ಜೊತೆಯಲ್ಲಿ ಬಂದಿದ್ದ ಮಗಳು ಮಾತ್ರ, “ಅಪ್ಪಾ, ಓದಾಕಂತೂ ಹೋಗಬಹುದಲ್ಲ, ಶಿಷ್ಯವೇತನ ಸಿಕ್ಕರ?” ಎಂದಳು. ಹೊಲವನ್ನು ಮಾರಿಲ್ಲ, ಅವಳು ಶಿಷ್ಯವೇತನದ ಅರ್ಜಿಗಳನ್ನು ತುಂಬುತ್ತಿರುವಳು.