ಲಾಟಿನ ಚೀಟಿಯಿಂದ ಗಣಕದ ಕಡತಕ್ಕೆ

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಹೊಸದಾಗಿ ಹೋದವರಿಗೆ ಮೊದಲು ಬರುವುದು ಸೀನು. ಅದು ನಿಂತ ಮೇಲೆ ಕಾಣುವುದು ದಲಾಲರ ಅಂಗಡಿಗಳ ಮುಂದಿನ ಕೆಂಪು ರಾಶಿಗಳು. ಪ್ರತಿ ರಾಶಿಗೂ ಒಂದು ಲಾಟ್ ಸಂಖ್ಯೆ. ಖರೀದಿದಾರರು ಮಾಲು ನೋಡಿ ಟೆಂಡರಿನಲ್ಲಿ ಬೆಲೆ ಬರೆಯುತ್ತಾರೆ. ಗಿಡ್ಡಗಿನ ಡಬ್ಬಿಗೂ ಉದ್ದನೆಯ ಕಡ್ಡಿಗೂ ಒಂದೇ ಬೆಲೆ ಸಿಗುವುದಿಲ್ಲ. ಆದ್ದರಿಂದ ಯಾವ ಮಾಹಿತಿ ಯಾವ ಹೆಸರಿನಡಿ ಬರೆಯಲ್ಪಟ್ಟಿತು ಎಂಬುದು ಇಲ್ಲಿ ರೊಕ್ಕದ ಪ್ರಶ್ನೆ.

ಒಂದು ಲಾಟಿನ ಚೀಟಿಯನ್ನು ಕಲ್ಪಿಸಿಕೊಳ್ಳಿ. ಲಾಟ್: 41. ಊರು: ರಾಣೆಬೆನ್ನೂರು. ತಳಿ: ಡಬ್ಬಿ. ಚೀಲ: 12. ಬೆಲೆ: 32500. ಅಂಗಡಿ: 7. ಹೀಗೆ ಹೆಸರು ಮತ್ತು ಮೌಲ್ಯ ಜೊತೆಜೊತೆಯಾಗಿರುವ ಚೀಟಿಯನ್ನೇ ಗಣಕದ ಭಾಷೆಯಲ್ಲಿ ಆಬ್ಜೆಕ್ಟ್ ಎನ್ನುತ್ತಾರೆ. ನೂರು ಚೀಟಿಗಳಿದ್ದರೆ 'ತಳಿ' ಎಂಬ ಹೆಸರು ನೂರು ಸಲ ಬರುತ್ತದೆ. ಖಾತೆ ಪುಸ್ತಕದಲ್ಲಿ ಹಾಗಲ್ಲ. ಹೆಸರುಗಳು ಮೇಲಿನ ಸಾಲಿನಲ್ಲಿ ಒಂದೇ ಸಲ, ಕೆಳಗೆ ಬರೀ ಮೌಲ್ಯಗಳು. ಸಿಎಸ್‌ವಿ ಎಂಬ ಸರಳ ಪಠ್ಯ ಕಡತ ಇಂಥದೇ ಪುಸ್ತಕ. ಗೆರೆಗಳ ಬದಲು ಅಲ್ಪವಿರಾಮ, ಅಷ್ಟೆ:

ಲಾಟ್,ಊರು,ತಳಿ,ಚೀಲ,ಬೆಲೆ,ಅಂಗಡಿ
41,ರಾಣೆಬೆನ್ನೂರು,ಡಬ್ಬಿ,12,32500,7
42,ಹಾವೇರಿ,ಕಡ್ಡಿ,20,,3

ಎರಡನೆಯ ಲಾಟಿಗೆ ಬೆಲೆ ಇನ್ನೂ ಬಂದಿಲ್ಲ. ಅಲ್ಲಿ ಎರಡು ಅಲ್ಪವಿರಾಮಗಳು ಅಂಟಿಕೊಂಡಿರುವುದನ್ನು ಗಮನಿಸಿ. ಖಾಲಿ ಜಾಗವನ್ನು ಖಾಲಿಯಾಗಿಯೇ ಕಾಯ್ದಿಡಬೇಕು. ಬಿಟ್ಟುಬಿಟ್ಟರೆ ಅಂಗಡಿ ಸಂಖ್ಯೆ 3 ಎಡಕ್ಕೆ ಸರಿದು ಬೆಲೆಯ ಕೆಳಗೆ ಕೂರುತ್ತದೆ. ಕ್ವಿಂಟಲ್ ಕಡ್ಡಿ ಮೂರೇ ರೂಪಾಯಿ!

ಇದಕ್ಕಿಂತ ಕಪಟದ ತಪ್ಪು ಇನ್ನೊಂದಿದೆ. ನಾವು ಮೂವತ್ತೆರಡೂವರೆ ಸಾವಿರವನ್ನು 32,500 ಎಂದು ಬರೆಯುವವರು. ಓದುವ ಮನುಷ್ಯನಿಗೆ ಅದು ಅನುಕೂಲ. ಆದರೆ ಈ ಕಡತದಲ್ಲಿ ಆ ಅಲ್ಪವಿರಾಮವೇ ಗೋಡೆ. ಬೆಲೆ 32 ಆಗುತ್ತದೆ, ಅಂಗಡಿ 500 ಆಗುತ್ತದೆ, ಪಾಪ, ಆ 7 ತಲೆಬರಹವಿಲ್ಲದೆ ಹೊರಗೆ ನಿಲ್ಲುತ್ತದೆ. 2005ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 4180 ಎಂಬ ದಾಖಲೆ ಇದಕ್ಕೆ ದಾರಿ ಹೇಳುತ್ತದೆ: ಮೌಲ್ಯದೊಳಗೆ ಅಲ್ಪವಿರಾಮವಿದ್ದರೆ ಇಡೀ ಮೌಲ್ಯವನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಇಡಬೇಕು, ಒಳಗೇ ಆ ಚಿಹ್ನೆ ಬಂದರೆ ಅದನ್ನು ಎರಡು ಸಲ ಬರೆಯಬೇಕು. ನನ್ನ ಸಲಹೆ ಕೇಳಿದರೆ, ಕಡತದಲ್ಲಿ 32500 ಎಂದೇ ಇರಲಿ. ಅಲ್ಪವಿರಾಮ ಪರದೆಯ ಮೇಲೆ ತೋರಿಸುವಾಗ ಬರಲಿ. ತಲೆಬರಹದಲ್ಲಿ 'ಬೆಲೆ' ಎಂದಷ್ಟೇ ಬರೆಯದೆ 'ಕ್ವಿಂಟಲ್ ಬೆಲೆ' ಎಂದರೆ ಇನ್ನೂ ಒಳ್ಳೆಯದು. ಏಕಮಾನವಿಲ್ಲದ ಕೋಷ್ಟಕಕ್ಕೆ ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಕೆಂಪು ಶಾಯಿ ಬೀಳುತ್ತಿತ್ತು.

ಈ ಬರವಣಿಗೆಯನ್ನು ಕೈಯಾರೆ ಜೋಡಿಸಬೇಕಾಗಿಲ್ಲ. ಪೈಥಾನ್ ಭಾಷೆಯಲ್ಲಿ ಡಿಕ್ಟ್‌ರೈಟರ್ ಎಂಬ ಸಲಕರಣೆ ಸಿದ್ಧವಾಗಿದೆ. ಅಂಕಣಗಳ ಹೆಸರನ್ನು ಕ್ರಮವಾಗಿ ಕೊಟ್ಟರೆ, ಚೀಟಿಯಲ್ಲಿ ತಳಿ ಮೊದಲಿರಲಿ, ಲಾಟ್ ಮೊದಲಿರಲಿ, ಹೆಸರು ನೋಡಿ ಸರಿಯಾದ ಮನೆಗೆ ಮೌಲ್ಯವನ್ನು ಸೇರಿಸುತ್ತದೆ. ಇಲ್ಲದ ಮೌಲ್ಯಕ್ಕೆ ಜಾಗ ಬಿಡುತ್ತದೆ, ಬೇಕಾದಲ್ಲಿ ಉದ್ಧರಣ ಚಿಹ್ನೆಯನ್ನೂ ಹಾಕುತ್ತದೆ. ಪಟ್ಟಿಯಲ್ಲಿಲ್ಲದ ಹೆಸರು, ಉದಾಹರಣೆಗೆ 'ತೇವಾಂಶ', ಒಂದು ಚೀಟಿಯಲ್ಲಿ ನುಸುಳಿದರೆ ಮುಂದುವರಿಯದೆ ದೋಷ ತೋರಿಸಿ ನಿಲ್ಲುತ್ತದೆ. ಇದು ಉಪಕಾರವೇ, ಸುಮ್ಮನೆ ಕೈಬಿಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ತಲೆಬರಹ ಬರೆಯಲು ರೈಟ್‌ಹೆಡರ್ ಎಂಬ ಆಜ್ಞೆಯನ್ನು ಬೇರೆಯಾಗಿ ಕೊಡಬೇಕು. ಮರೆತರೆ ಮೊದಲ ಲಾಟೇ ತಲೆಬರಹವಾಗಿ ಎಣಿಕೆಯಿಂದ ಜಾರಿಹೋಗಬಹುದು. ಪ್ರತಿ ಪೇಟೆ ದಿನ ಹಳೆಯ ಕಡತದ ತುದಿಗೇ ಸೇರಿಸುವವರು ಇನ್ನೊಂದು ತಪ್ಪು ಮಾಡುತ್ತಾರೆ: ಪ್ರತಿ ಸಲವೂ ತಲೆಬರಹ ಬರೆಯುತ್ತಾರೆ. ಆಗ ಬೆಲೆಗಳ ನಡುವೆ 'ಬೆಲೆ' ಎಂಬ ಪದವೇ ಬಂದು ಸರಾಸರಿಯ ಲೆಕ್ಕ ಮುಗ್ಗರಿಸುತ್ತದೆ. ಕಡತ ಖಾಲಿ ಇದ್ದಾಗ ಮಾತ್ರ ತಲೆಬರಹ ಬರೆಯುವಂತೆ ಒಂದು ಷರತ್ತು ಹಾಕಿದರೆ ಸಾಕು.

ನಮ್ಮ ಕನ್ನಡಕ್ಕೆ ಸಂಬಂಧಿಸಿದ ಒಂದು ಮಾತು. ಕಡತವನ್ನು ಯುಟಿಎಫ್-8ರಲ್ಲಿ ಉಳಿಸಿ. ಹಾಗೆ ಮಾಡಿಯೂ ಎಕ್ಸೆಲ್‌ನಲ್ಲಿ ತೆರೆದಾಗ 'ಹಾವೇರಿ' ಬದಲು ಅರ್ಥವಿಲ್ಲದ ಅಕ್ಷರಗಳು ಕಂಡರೆ ಗಾಬರಿ ಬೇಡ, ಕಡತ ಕೆಟ್ಟಿರುವುದಿಲ್ಲ. ಪೈಥಾನಿನಲ್ಲಿ ಯುಟಿಎಫ್-8-ಸಿಗ್ ಎಂದು ಸೂಚಿಸಿ ಇನ್ನೊಮ್ಮೆ ಬರೆಯಿರಿ. ಕಡತದ ಮೊದಲಿಗೆ ಕಣ್ಣಿಗೆ ಕಾಣದ ಮೂರು ಬೈಟುಗಳ ಗುರುತು ಸೇರುತ್ತದೆ. ಅದನ್ನು ಕಂಡ ಎಕ್ಸೆಲ್ ಹಾವೇರಿಯನ್ನು ಹಾವೇರಿ ಎಂದೇ ಓದುತ್ತದೆ.