ಬಾಯಿ ವಾಸನೆಗೆ ಹೊಟ್ಟೆ ಎಷ್ಟು ಹೊಣೆ?

ಉತ್ತರ ಗೊತ್ತಿದ್ದರೂ ತರಗತಿಯಲ್ಲಿ ಬಾಯಿ ತೆರೆಯದ ಮಕ್ಕಳಿರುತ್ತಾರೆ. ಹೆಚ್ಚಿನವರಿಗೆ ಅಂಜಿಕೆ, ಕೆಲವರಿಗೆ ಬಾಯಿ ದುರ್ವಾಸನೆಯ ಸಂಕೋಚ. ಮನೆಯಲ್ಲಿ ಹೇಳಿಕೊಂಡರೆ 'ಹೊಟ್ಟೆ ಕೆಟ್ಟಿದೆ' ಎಂದು ಔಷಧ ಅಂಗಡಿಯಿಂದ ಗುಳಿಗೆ ತಂದು ಕೊಡುವುದುಂಟು. ಈ ನಂಬಿಕೆಯಲ್ಲಿ ನಿಜವೆಷ್ಟು?

ಆಮ್ಲದಲ್ಲಿ ಬದುಕುವ ಜೀವಿ

ಜಠರದ ಆಮ್ಲದಲ್ಲಿ ಯಾವ ಬ್ಯಾಕ್ಟೀರಿಯಾವೂ ನೆಲೆಸಲಾರದೆಂದು ವೈದ್ಯರು ಬಹುಕಾಲ ತಿಳಿದಿದ್ದರು. ಆಸ್ಟ್ರೇಲಿಯದ ಪರ್ತ್ ನಗರದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ 1982ರಲ್ಲಿ ಸುರುಳಿಯಾಕಾರದ ಇಂಥದೊಂದು ಜೀವಿಯನ್ನು ಜಠರದಿಂದ ತೆಗೆದು ಬೆಳೆಸಿದರು. ಇದೇ ಹೆಲಿಕೋಬ್ಯಾಕ್ಟರ್ ಪೈಲೋರಿ. ಜನ ನಂಬದಿದ್ದಾಗ 1984ರಲ್ಲಿ ಮಾರ್ಷಲ್ ಈ ಬ್ಯಾಕ್ಟೀರಿಯಾ ಬೆರೆತ ದ್ರವವನ್ನು ತಾವೇ ಕುಡಿದರು. ಕೆಲವೇ ದಿನಗಳಲ್ಲಿ ವಾಂತಿ ಶುರುವಾಯಿತು, ಜಠರದ ಒಳಪದರ ಉರಿಯೂತಕ್ಕೀಡಾಯಿತು, ಉಸಿರೂ ನಾರತೊಡಗಿತು. ಇಬ್ಬರಿಗೂ 2005ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಆಮ್ಲದಲ್ಲಿ ಅದು ಬದುಕುವುದು ಹೇಗೆ? ಯೂರಿಯೇಸ್ ಎಂಬ ಕಿಣ್ವದಿಂದ ಯೂರಿಯಾವನ್ನು ಒಡೆದು ಅಮೋನಿಯಾ ಮತ್ತು ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. ಅಮೋನಿಯಾ ಪ್ರತ್ಯಾಮ್ಲ, ಸುತ್ತಲಿನ ಆಮ್ಲವನ್ನು ತಟಸ್ಥಗೊಳಿಸುತ್ತದೆ. ರೋಗ ಪತ್ತೆಗೂ ಇದೇ ಕ್ರಿಯೆ ನೆರವಾಗುತ್ತದೆ: ಗುರುತು ಹಾಕಿದ ಇಂಗಾಲವುಳ್ಳ ಯೂರಿಯಾ ಕುಡಿಸಿ, ಆ ಇಂಗಾಲ ಉಸಿರಿನಲ್ಲಿ ಬರುವುದೇ ಎಂದು ಅಳೆಯುತ್ತಾರೆ.

ವಾಸನೆಯ ಮೂಲ

ಹಾಗಾದರೆ ಬಾಯಿ ವಾಸನೆಗೆಲ್ಲ ಇದೇ ಕಾರಣವೇ? ಅಲ್ಲ. ಹತ್ತರಲ್ಲಿ ಎಂಟೊಂಬತ್ತು ಜನರಲ್ಲಿ ಮೂಲ ಬಾಯಿಯೊಳಗೇ ಇರುತ್ತದೆ. ನಾಲಿಗೆಯ ಹಿಂಭಾಗದಲ್ಲೂ ಒಸಡಿನ ಸಂದಿಯಲ್ಲೂ ಗಾಳಿ ಬೇಡದ ಬ್ಯಾಕ್ಟೀರಿಯಾಗಳು ಆಹಾರದ ಪ್ರೋಟೀನನ್ನು ಕೊಳೆಸಿ ಗಂಧಕದ ಅನಿಲಗಳನ್ನು ಬಿಡುತ್ತವೆ. ಪ್ರಯೋಗಾಲಯದಲ್ಲಿ ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡ್ ಇವುಗಳಲ್ಲೊಂದು.

ಹಲ್ಲಿನ ಪಾಚಿ ಗಟ್ಟಿಯಾದರೆ ಕಿಟ್ಟವಾಗುತ್ತದೆ. ನಮ್ಮ ಶಹಾಬಾದ ಹಾಸುಗಲ್ಲಿನಂತೆ ಇದರಲ್ಲೂ ಇರುವುದು ಕ್ಯಾಲ್ಸಿಯಂ. ಬ್ರಷ್ಷಿಗಾಗಲಿ ಬೇವಿನ ಕಡ್ಡಿಗಾಗಲಿ ಜಗ್ಗದು. ದಂತವೈದ್ಯರೇ ತೆಗೆಯಬೇಕು.

ಚಿಕಿತ್ಸೆಯಿಂದ ಏನಾಗುತ್ತದೆ?

ಜಠರದ ಸೋಂಕಿಗೆ ಎರಡು ಅಥವಾ ಹೆಚ್ಚು ಆಂಟಿಬಯೋಟಿಕ್‌ಗಳ ಜೊತೆ ಆಮ್ಲ ತಗ್ಗಿಸುವ ಔಷಧವನ್ನು ಸಾಮಾನ್ಯವಾಗಿ 14 ದಿನ ಕೊಡುತ್ತಾರೆ. ಸೋಂಕು ಹೋದ ಕೆಲವರಲ್ಲಿ ಬಾಯಿ ವಾಸನೆ ಕಡಿಮೆಯಾದದ್ದು ಅಧ್ಯಯನಗಳಲ್ಲಿ ಕಂಡಿದೆ; ಎಲ್ಲರಲ್ಲೂ ಅಲ್ಲ. ಆಂಟಿಬಯೋಟಿಕ್ ಬಾಯಿಯ ಬ್ಯಾಕ್ಟೀರಿಯಾಗಳನ್ನೂ ತಗ್ಗಿಸುವುದರಿಂದ ಆ ಸುಧಾರಣೆ ತಾತ್ಕಾಲಿಕವೂ ಆಗಿರಬಹುದು. ನಾಲಿಗೆ, ಒಸಡು ಕೊಳೆಯಾಗಿಯೇ ಉಳಿದರೆ ವಾಸನೆ ಮರಳಿ ಬರುತ್ತದೆ.

ಇನ್ನೊಂದು ಸಂಗತಿ: ಪೈಲೋರಿ ಹಲ್ಲಿನ ಪಾಚಿಯಲ್ಲೂ ಸಿಕ್ಕಿದೆ. ಹೊಟ್ಟೆಗೆ ಕೊಟ್ಟ ಔಷಧ ಅಲ್ಲಿಗೆ ಸರಿಯಾಗಿ ತಲುಪದು. ಆದ್ದರಿಂದ ಹೊಟ್ಟೆಯ ಚಿಕಿತ್ಸೆ ನಡೆದಾಗಲೂ ಹಲ್ಲು, ಒಸಡು ಶುಚಿ ಮಾಡಿಸುವುದು ಲೇಸು. ಚಿಕಿತ್ಸೆಯ ದಿನಗಳಲ್ಲಿ ಬಾಯಿ ಕಹಿಯಾಗಬಹುದು. ಬಿಸ್ಮತ್ ಇರುವ ಔಷಧದಿಂದ ನಾಲಿಗೆ ಕಪ್ಪಾಗಬಹುದು. ಗಾಬರಿಪಟ್ಟು ಗುಳಿಗೆ ನಿಲ್ಲಿಸಬಾರದು, ವೈದ್ಯರನ್ನು ಕೇಳಬೇಕು. ಅರ್ಧಕ್ಕೆ ಬಿಟ್ಟರೆ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳು ಉಳಿದುಕೊಳ್ಳುತ್ತವೆ.

ಪಾಲಕರು ಗಮನಿಸಲಿ

ಬಾಯಿ ವಾಸನೆಯೊಂದಕ್ಕಾಗಿಯೇ ಮಕ್ಕಳಿಗೆ ಪೈಲೋರಿ ಪರೀಕ್ಷೆ ಬೇಕಿಲ್ಲ. ವೈದ್ಯರ ಚೀಟಿಯಿಲ್ಲದೆ ಆಂಟಿಬಯೋಟಿಕ್ ಕೊಡಲೇಬೇಡಿ. ದಿನಕ್ಕೆರಡು ಸಲ ಹಲ್ಲುಜ್ಜುವುದು, ನಾಲಿಗೆ ಕೆರೆಯುವುದು, ಊಟದ ನಂತರ ಬಾಯಿ ಮುಕ್ಕಳಿಸುವುದು, ಬಿಸಿಲ ದಿನಗಳಲ್ಲಿ ಸಾಕಷ್ಟು ನೀರು ಕುಡಿಯುವುದು ರೂಢಿಯಾಗಲಿ. ಗುಟ್ಕಾ, ತಂಬಾಕಿನಿಂದ ದೂರವಿರಲಿ. ಮೂರು ನಾಲ್ಕು ವಾರಗಳಾದರೂ ವಾಸನೆ ಹೋಗದಿದ್ದರೆ ಮೊದಲು ದಂತವೈದ್ಯರ ಬಳಿ ಹೋಗಿ. ದಂತ ವೈದ್ಯಕೀಯ ಕಾಲೇಜುಗಳು ಕಲಬುರಗಿಯಲ್ಲೇ ಇವೆ. ಮೇಲ್ಹೊಟ್ಟೆ ನೋವು ಪದೇ ಪದೇ ಬಂದರೆ, ಮಲ ಕಪ್ಪಾದರೆ, ರಕ್ತ ವಾಂತಿಯಾದರೆ, ತೂಕ ಇಳಿದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ವಿದ್ಯಾರ್ಥಿಗಳೇ, ಗೆಳೆಯನ ಬಾಯಿ ನಾರಿದರೆ ಹಂಗಿಸಬೇಡಿ. ಅದು ನಾಚಿಕೆಯ ವಿಷಯವಲ್ಲ. ಬಹುಪಾಲು ಗುಣವಾಗುವ ತೊಂದರೆ.